ಲಾಕ್ ಆಗಿದ್ದ ಫೋನ್ ಹಳೇ ಸೌಂಡ್ ಕಾರ್ಡ್ ಜೊತೆ ಮಾತಾಡಿದ್ದೇಕೆ?

2024ರ ಡಿಸೆಂಬರ್ 25. ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನಲ್ಲಿ ಪೊಲೀಸರು ಒಬ್ಬ ವಿದ್ಯಾರ್ಥಿ ಹೋರಾಟಗಾರನನ್ನು ಹಿಡಿದು ಠಾಣೆಗೆ ಕರೆದೊಯ್ಯುತ್ತಾರೆ. ಅದಕ್ಕೆ ಎರಡು ತಿಂಗಳ ಹಿಂದೆ ನೋವಿ ಸಾದ್ ರೈಲು ನಿಲ್ದಾಣದ ಕಾಂಕ್ರೀಟ್ ಚಾವಣಿ ಕುಸಿದು ಜನ ಸತ್ತಿದ್ದರು. ಆ ಸಾವುಗಳಿಗೆ ಭ್ರಷ್ಟಾಚಾರವೇ ಕಾರಣ ಅಂತ ದೇಶದ ವಿದ್ಯಾರ್ಥಿಗಳು ಬೀದಿಗಿಳಿದಿದ್ದ ಸಮಯ ಅದು. ಠಾಣೆಯಲ್ಲಿ ಆತನ ಆಂಡ್ರಾಯ್ಡ್ ಫೋನ್ ಕಿತ್ತುಕೊಳ್ಳಲಾಯಿತು, ನಂತರ ವಾಪಸ್ಸೂ ಕೊಡಲಾಯಿತು.

ಆಮ್ನೆಸ್ಟಿಯ ಸೆಕ್ಯುರಿಟಿ ಲ್ಯಾಬ್ ಆ ಫೋನನ್ನು ಪರೀಕ್ಷಿಸಿ 2025ರ ಫೆಬ್ರವರಿ ಕೊನೆಯಲ್ಲಿ ವರದಿ ಪ್ರಕಟಿಸಿತು. ಇಸ್ರೇಲಿನ ಸೆಲೆಬ್ರೈಟ್ ಕಂಪನಿಯ ಉಪಕರಣ ಬಳಸಿ ಫೋನಿನ ಲಾಕ್ ಮುರಿಯಲಾಗಿತ್ತು. ಆಮೇಲೆ ಅದರೊಳಗೆ ಅಪರಿಚಿತ ಆಪ್ ಒಂದನ್ನು ಇನ್‌ಸ್ಟಾಲ್ ಮಾಡುವ ಪ್ರಯತ್ನವೂ ನಡೆದಿತ್ತು. ವರದಿ ಬರುವ ಕೆಲವೇ ದಿನ ಮೊದಲು ಸೆಲೆಬ್ರೈಟ್ ಸರ್ಬಿಯಾದ ಕೆಲವು ಗ್ರಾಹಕರಿಗೆ ತನ್ನ ಉತ್ಪನ್ನ ಬಳಸದಂತೆ ತಡೆ ಹಾಕಿತು. ಇಷ್ಟು ಸುದ್ದಿಯಾಗಿತ್ತು, ನಿಮ್ಮಲ್ಲಿ ಕೆಲವರು ಓದಿರಲೂಬಹುದು.

ಸುದ್ದಿಯಾಗದೇ ಉಳಿದ ಭಾಗ ಫೋನಿನ ಲಾಗ್‌ನಲ್ಲಿತ್ತು. ಸ್ಕ್ರೀನ್ ಲಾಕ್ ಇರುವಾಗಲೇ ಆ ಫೋನಿಗೆ ಒಂದಾದ ಮೇಲೊಂದು ಯುಎಸ್‌ಬಿ ಸಾಧನ ಚುಚ್ಚಿದ ಗುರುತುಗಳಿದ್ದವು: ಒಂದು ವೆಬ್‌ಕ್ಯಾಮ್, ಒಂದು ಕ್ರಿಯೇಟಿವ್ ಎಕ್ಸ್‌ಟಿಜಿ ಸೌಂಡ್ ಕಾರ್ಡ್, ಒಂದು ಟಚ್‌ಪ್ಯಾಡ್. ಇವು ಯಾವುವೂ ಅಸಲಿ ಅಲ್ಲ. ಒಂದೇ ಡಬ್ಬಿ ಇಷ್ಟೂ ವೇಷ ಹಾಕಿತ್ತು. ಎಕ್ಸ್‌ಟಿಜಿ ಅನ್ನೋದು 2000ರ ದಶಕದ ಆರಂಭದಲ್ಲಿ ಡೆಸ್ಕ್‌ಟಾಪ್ ಪಕ್ಕ ಇಟ್ಟುಕೊಳ್ಳುತ್ತಿದ್ದ ಸೌಂಡ್ ಕಾರ್ಡ್. ಅದನ್ನು ಕಣ್ಣಾರೆ ನೋಡಿರುವ ಓದುಗರು ಈ ಸೈಟಿಗೆ ಎಷ್ಟು ಜನ ಬರ್ತಾರೋ ನನಗೆ ಅನುಮಾನ.

ಜೇಬಿನಲ್ಲಿರುವ, ಲಾಕ್ ಆಗಿರುವ ಫೋನ್ ಅಂಥದ್ದೊಂದು ಸೌಂಡ್ ಕಾರ್ಡ್‌ಗೆ 'ಬಾರಪ್ಪ, ಕೂತ್ಕೋ' ಅಂದಿದ್ದೇಕೆ? ಇದನ್ನು ಕೇಳಿದರೆ ಉತ್ತರ ಯಾವುದೋ ಒಂದು ಬಗ್‌ನಲ್ಲಿ ಮುಗಿಯೋದಿಲ್ಲ. ಆಪರೇಟಿಂಗ್ ಸಿಸ್ಟಮ್ ಬರೆಯುವವರು ಬಸ್ ಡ್ರೈವರ್‌ನಲ್ಲಿ ದಶಕಗಳ ಹಿಂದೆ ಮಾಡಿದ ಆಯ್ಕೆಗಳವರೆಗೆ ಅದು ಹೋಗುತ್ತದೆ. ಅವು ತಾಂತ್ರಿಕ ಆಯ್ಕೆಗಳಾಗಿದ್ದವು. ಈಗ ಅವು ಠಾಣೆಯ ಮೇಜಿನ ಮೇಲೆ ಫಲ ಕೊಡುತ್ತಿವೆ.

ಬಸ್ಸು, ಕಂಡಕ್ಟರ್, ಟಿಕೆಟ್

ಕಂಪ್ಯೂಟರಿನಲ್ಲಿ ಬಸ್ ಅಂದರೆ ಹಲವು ಸಾಧನಗಳು ಒಂದೇ ದಾರಿಯಲ್ಲಿ ಪ್ರೊಸೆಸರ್ ಜೊತೆ ಮಾತಾಡುವ ವ್ಯವಸ್ಥೆ. ಪಿಸಿಐ, ಯುಎಸ್‌ಬಿ, ಐ2ಸಿ ಎಲ್ಲವೂ ಬಸ್‌ಗಳೇ. ಕೀಬೋರ್ಡಿಗೊಂದು, ಕ್ಯಾಮೆರಾಗೊಂದು ಡ್ರೈವರ್ ಇರೋದು ಎಲ್ಲರಿಗೂ ಗೊತ್ತು. ಬಸ್ಸಿಗೂ ಒಂದು ಡ್ರೈವರ್ ಇರುತ್ತದೆ. ಹೆಸರು ಡ್ರೈವರ್ ಆದರೂ ಮಾಡುವುದು ಕಂಡಕ್ಟರ್ ಕೆಲಸ: ಯಾರು ಹತ್ತಿದರು, ಎಲ್ಲಿ ಕೂರಬೇಕು, ಯಾರ ಜವಾಬ್ದಾರಿಗೆ ಒಪ್ಪಿಸಬೇಕು ಅಂತ ನೋಡೋದು.

ಲಿನಕ್ಸ್‌ನಲ್ಲಿ (ಆಂಡ್ರಾಯ್ಡ್‌ನ ಕೆಳಗಿರುವುದೂ ಅದೇ) ಯುಎಸ್‌ಬಿಗೆ ಏನಾದರೂ ಚುಚ್ಚಿದ ತಕ್ಷಣ ಬಸ್ ಡ್ರೈವರ್ 'ನೀನ್ಯಾರು' ಅಂತ ಕೇಳುತ್ತದೆ. ಸಾಧನ 18 ಬೈಟಿನ ಒಂದು ಡಿಸ್ಕ್ರಿಪ್ಟರ್ ಕೊಡುತ್ತದೆ. ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ ಇತ್ಯಾದಿ ಅದರಲ್ಲಿರುತ್ತದೆ. ಅದರ ಹಿಂದೆಯೇ ಇನ್ನಷ್ಟು ವಿವರಗಳ ಪಟ್ಟಿ ಬರುತ್ತದೆ. ಬಸ್ ಡ್ರೈವರ್ ತನ್ನಲ್ಲಿರುವ ಸಾಧನ-ಡ್ರೈವರ್‌ಗಳ ಪಟ್ಟಿ ತೆಗೆದು ಹೊಂದಿಸಿ ನೋಡುತ್ತದೆ. ಹೊಂದಿದರೆ ಆ ಡ್ರೈವರನ್ನು ಎಬ್ಬಿಸಿ 'ಇವನು ನಿನ್ನವನು, ನೋಡ್ಕೋ' ಅನ್ನುತ್ತದೆ. ಎಬ್ಬಿಸುವ ಈ ಹಂತಕ್ಕೆ ಪ್ರೋಬ್ ಅಂತ ಹೆಸರು.

ಗಮನಿಸಬೇಕಾದದ್ದು ಇಲ್ಲೇ. ಆ ಡಿಸ್ಕ್ರಿಪ್ಟರ್ ಸಾಧನ ತಾನೇ ತನ್ನ ಬಗ್ಗೆ ಹೇಳಿಕೊಳ್ಳುವ ಮಾತು. ಅದಕ್ಕೆ ಯಾವ ಸಹಿಯೂ ಇಲ್ಲ, ಪುರಾವೆಯೂ ಇಲ್ಲ. 'ನಾನು ಸೌಂಡ್ ಕಾರ್ಡ್' ಅಂದರೆ ಸೌಂಡ್ ಕಾರ್ಡ್. ಬಸ್ಸಿನಲ್ಲಿ 'ಸ್ಟಾಫ್' ಅಂತ ಹೇಳಿ ಟಿಕೆಟ್ ತಗೊಳ್ಳದೆ ಹೋಗುವವರನ್ನು ಕಂಡಕ್ಟರ್ ಐಡಿ ಕಾರ್ಡ್ ಆದರೂ ಕೇಳ್ತಾರೆ. ಇಲ್ಲಿ ಅದೂ ಇಲ್ಲ.

ಹೀಗೆ ಮಾಡಿದವರು ದಡ್ಡರಲ್ಲ. ಯುಎಸ್‌ಬಿ ಬಂದಿದ್ದು 1996ರಲ್ಲಿ. ಅದಕ್ಕೂ ಮುಂಚಿನ ಐಎಸ್‌ಎ ಬಸ್ ಕಾಲದಲ್ಲಿ ಕಾರ್ಡ್ ಹಾಕಬೇಕಾದರೆ ಜಂಪರ್ ಅನ್ನುವ ಪುಟ್ಟ ಕ್ಲಿಪ್‌ಗಳನ್ನು ಕೈಯಲ್ಲಿ ಬದಲಿಸಬೇಕಿತ್ತು. ಎರಡು ಕಾರ್ಡ್ ಒಂದೇ ಐಆರ್‌ಕ್ಯು ಹಿಡಿದರೆ ಇಡೀ ಮಧ್ಯಾಹ್ನ ಹೋಯ್ತು ಅಂತಲೇ ಲೆಕ್ಕ. ಸಾಧನ ತಾನೇ ಪರಿಚಯ ಹೇಳಿಕೊಳ್ಳುವುದು, ಸಿಸ್ಟಮ್ ಅದನ್ನು ನಂಬಿ ಕೆಲಸ ಶುರು ಮಾಡುವುದು ಆಗ ದೊಡ್ಡ ಬಿಡುಗಡೆ. ಹಾಗೆ ಪರಿಚಯ ಹೇಳಿಕೊಳ್ಳಲಾಗದ ಬಸ್‌ಗಳ ಪಾಡೇ ಬೇರೆ. ಫೋನಿನೊಳಗೆ ಸೆನ್ಸರ್‌ಗಳನ್ನು ಜೋಡಿಸುವ ಐ2ಸಿ ಅಂಥದ್ದು. ಅದರ ಮೇಲೆ 'ಯಾರಿದ್ದೀರಿ' ಅಂತ ಕುರುಡಾಗಿ ತಟ್ಟಿ ನೋಡೋದೇ ಅಪಾಯ. ಉಷ್ಣತೆ ಓದುವ ಲಿನಕ್ಸ್ ಉಪಕರಣವೊಂದು ಹೀಗೆ ತಟ್ಟಲು ಹೋಗಿ ಕೆಲವು ಐಬಿಎಂ ಥಿಂಕ್‌ಪ್ಯಾಡ್‌ಗಳ ಈಪ್ರಾಮ್ ಕೆಟ್ಟು ಲ್ಯಾಪ್‌ಟಾಪ್‌ಗಳೇ ಬೂಟ್ ಆಗದೇ ಹೋಗಿದ್ದುಂಟು. ಹಾಗಾಗಿ ಅಂಥ ಬಸ್‌ಗಳಿಗೆ ಬೋರ್ಡ್ ಮೇಲೆ ಎಲ್ಲಿ ಏನಿದೆ ಅನ್ನುವ ಪಟ್ಟಿಯನ್ನು ಡಿವೈಸ್ ಟ್ರೀ ಎಂಬ ಫೈಲಿನಲ್ಲಿ ಮೊದಲೇ ಬರೆದಿಡುತ್ತಾರೆ.

ಅಂದರೆ ಬಸ್ ಡ್ರೈವರ್ ಬರೆಯುವವರ ಎದುರಿನ ಮೊದಲ ಪ್ರಶ್ನೆಯೇ ಇದು: ಇಲ್ಲಿರೋದು ಯಾರು ಅಂತ ಹೇಳುವ ಹಕ್ಕು ಯಾರದು, ಬಂದವನದೋ ಮನೆಯವನದೋ? ಐ2ಸಿಯಲ್ಲಿ ಮನೆಯವನದು. ಯುಎಸ್‌ಬಿಯಲ್ಲಿ ಬಂದವನದು. ಡೆಸ್ಕ್‌ಟಾಪ್‌ಗೆ ಮಾಡಿದ ಆ ಆಯ್ಕೆಯನ್ನು ಹಾಗೇ ಎತ್ತಿಕೊಂಡು ಬಂದು ಜೇಬಿನ ಫೋನಿಗೂ ಹಾಕಿದ್ದೇವೆ. ನಿಮ್ಮ ಮನೆಯ ಕಂಪ್ಯೂಟರನ್ನು ಅಪರಿಚಿತರು ಕಿತ್ತುಕೊಂಡು ಹೋಗುವುದು ಅಪರೂಪ. ಪ್ರತಿಭಟನೆಗೆ ಹೋದವರ ಫೋನು ಕಿತ್ತುಕೊಳ್ಳುವುದು ಅಪರೂಪ ಅಲ್ಲ.

ಎಣಿಸಿದವನು ಒಬ್ಬ, ಬಡಿಸಿದವನು ಇನ್ನೊಬ್ಬ

ಈಗ ಆ ಮೂರು ವೇಷಗಳಿಗೆ ಬರೋಣ. ಸ್ವಲ್ಪ ಒಳಗೆ ಹೋಗ್ತೀನಿ, ತಾಳ್ಮೆ ಇರಲಿ.

ವೆಬ್‌ಕ್ಯಾಮ್ ಡ್ರೈವರಿನ ತಪ್ಪು ಇಷ್ಟೇ. ಕ್ಯಾಮೆರಾ ತನ್ನಲ್ಲಿ ಯಾವ ಯಾವ ಅಳತೆಯ ಚೌಕಟ್ಟುಗಳಿವೆ ಅಂತ ಪಟ್ಟಿ ಕೊಡುತ್ತದೆ. ಡ್ರೈವರ್ ಮೊದಲ ಸುತ್ತಿನಲ್ಲಿ ಪಟ್ಟಿಯನ್ನು ಎಣಿಸಿ ಅಷ್ಟು ಮೆಮೊರಿ ತೆಗೆದಿಡುತ್ತದೆ, ಎರಡನೇ ಸುತ್ತಿನಲ್ಲಿ ತುಂಬಿಸುತ್ತದೆ. ಎಣಿಸುವಾಗ 'ಅನಿರ್ದಿಷ್ಟ' ಎಂಬ ಬಗೆಯ ಚೌಕಟ್ಟುಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ತುಂಬಿಸುವಾಗ ಅವನ್ನೂ ತುಂಬಿಸುತ್ತಿತ್ತು. ನೂರು ಎಲೆ ಹಾಕಿ ನೂರಿಪ್ಪತ್ತು ಜನಕ್ಕೆ ಬಡಿಸಿದ ಹಾಗೆ. ಉಳಿದ ಊಟ ಪಕ್ಕದವರ ಮೆಮೊರಿ ಮೇಲೆ ಬೀಳುತ್ತದೆ. ಈ ತಪ್ಪು ಕರ್ನೆಲ್‌ನ 2.6.26 ಆವೃತ್ತಿಯಿಂದ, ಅಂದರೆ 2008ರಿಂದ ಅಲ್ಲೇ ಕೂತಿತ್ತು. ಟಚ್‌ಪ್ಯಾಡ್ ವೇಷದ್ದು ಸಣ್ಣದು: ತೊಳೆಯದ ಪಾತ್ರೆ ವಾಪಸ್ ಕೊಟ್ಟಂತೆ, ಕರ್ನೆಲ್ ಮೆಮೊರಿಯ ಹಳೆಯ ಚೂರುಗಳು ಹೊರಗೆ ಸೋರುತ್ತಿದ್ದವು.

ನನಗೆ ನಿಜಕ್ಕೂ ಕುತೂಹಲ ಹುಟ್ಟಿಸಿದ್ದು ಸೌಂಡ್ ಕಾರ್ಡ್‌ದು. ಎಕ್ಸ್‌ಟಿಜಿಗೆ ಒಂದು ವಿಚಿತ್ರ ಗುಣ ಇತ್ತು. ಚಾಲೂ ಆದ ಮೇಲೆ ಅದರ ಪರಿಚಯಪತ್ರವನ್ನು ಮತ್ತೊಮ್ಮೆ ಓದಬೇಕಿತ್ತು. ಅದಕ್ಕಾಗಿ ಸೌಂಡ್ ಡ್ರೈವರ್‌ನಲ್ಲಿ ಒಂದು ವಿಶೇಷ ದಾರಿ ಮಾಡಿಕೊಟ್ಟಿದ್ದರು. ಆ ದಾರಿಯಲ್ಲಿ ಡ್ರೈವರ್ ಡಿಸ್ಕ್ರಿಪ್ಟರನ್ನು ಎರಡನೇ ಸಲ ಓದಿ, ಬಸ್ ಡ್ರೈವರ್ ಮೊದಲು ಬರೆದಿಟ್ಟುಕೊಂಡಿದ್ದ ಪ್ರತಿಯ ಮೇಲೇ ಬರೆದುಬಿಡುತ್ತಿತ್ತು. ವೇಷಧಾರಿ ಮಾಡಿದ್ದೇನು? ಮೊದಲ ಸಲ 'ನನ್ನ ಹತ್ತಿರ ಒಂದು ಬ್ಯಾಗ್ ಇದೆ' ಅಂದಿತು, ಬಸ್ ಡ್ರೈವರ್ ಒಂದಕ್ಕೆ ಜಾಗ ಕೊಟ್ಟಿತು. ಎರಡನೇ ಸಲ ಜಾಸ್ತಿ ಸಂಖ್ಯೆ ಹೇಳಿತು. ಸಾಧನ ಇಳಿದು ಹೋಗುವಾಗ ಬಸ್ ಡ್ರೈವರ್ ಆ ಹೊಸ ಸಂಖ್ಯೆಯನ್ನು ನಂಬಿ, ತಾನು ಕೊಡದೇ ಇದ್ದ ಜಾಗವನ್ನೂ ಖಾಲಿ ಮಾಡಲು ಹೊರಟಿತು.

ಇದನ್ನು ಕೋಡಿಂಗ್ ತಪ್ಪು ಅಂತ ಮಾತ್ರ ನೋಡಿದರೆ ಅರ್ಧ ಸತ್ಯ. ಬಸ್ಸಿನ ಲೆಕ್ಕದ ಪುಸ್ತಕ ಬಸ್ ಡ್ರೈವರ್‌ದು. ಅದರಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವ ಯಾವುದೋ ಒಂದು ಡ್ರೈವರ್ ನೇರವಾಗಿ ತಿದ್ದಬಹುದು ಅನ್ನುವುದೇ ವಿನ್ಯಾಸದ ಆಯ್ಕೆ. ಲಿನಕ್ಸ್‌ನಲ್ಲಿ ಎಲ್ಲ ಡ್ರೈವರ್‌ಗಳೂ ಕರ್ನೆಲ್‌ನ ಒಂದೇ ಕೋಣೆಯಲ್ಲಿ, ಒಂದೇ ಅಧಿಕಾರದಲ್ಲಿ ಇರುತ್ತವೆ. ಯಾರು ಯಾರ ಪುಸ್ತಕಕ್ಕೆ ಬೇಕಾದರೂ ಕೈ ಹಾಕಬಹುದು. 'ಹಾಕಬೇಡಿ' ಅನ್ನೋದು ಶಿಷ್ಟಾಚಾರ ಮಾತ್ರ, ಗೋಡೆ ಇಲ್ಲ. ತೀರ್ಪು ಕೊಡುವವನು, ತನಿಖೆ ಮಾಡುವವನು, ಕಾನೂನು ಬರೆಯುವವನು ಒಂದೇ ಕೋಣೆಯಲ್ಲಿ ಕೂತರೆ ಏನಾಗುತ್ತದೆ ಅಂತ ಈ ಓದುಗರಿಗೆ ನಾನು ವಿವರಿಸಬೇಕಿಲ್ಲ.

ಗೋಡೆ ಕಟ್ಟಬಹುದಿತ್ತಾ? ಕಟ್ಟಬಹುದಿತ್ತು. 1992ರಲ್ಲೇ ಆಂಡ್ರ್ಯೂ ಟ್ಯಾನನ್‌ಬಾಮ್ ಮತ್ತು ಲಿನಸ್ ಟೊರ್ವಾಲ್ಡ್ಸ್ ನಡುವೆ ಕರ್ನೆಲ್ ಹೇಗಿರಬೇಕು ಅನ್ನೋದರ ಬಗ್ಗೆ ಪ್ರಸಿದ್ಧ ಜಗಳ ಆಗಿತ್ತು. ಟ್ಯಾನನ್‌ಬಾಮ್ ಪಕ್ಷ ಮೈಕ್ರೊಕರ್ನೆಲ್‌ದು: ಮೂಲ ಕೆಲಸ ಮಾತ್ರ ಒಳಗೆ, ಡ್ರೈವರ್‌ಗಳನ್ನು ಹೊರಗೆ ಬೇರೆ ಬೇರೆ ಪ್ರೋಸೆಸ್‌ಗಳಾಗಿ ಇಡಬಹುದು. ಡ್ರೈವರ್ ಕುಸಿದರೆ ಅದೊಂದೇ ಕುಸಿಯುತ್ತದೆ. ಕ್ಯುಎನ್‌ಎಕ್ಸ್ ಹಾಗೇ ಇದೆ, ಗೂಗಲ್‌ನ ಫ್ಯೂಷಿಯಾ ಕೂಡ. ಆಪಲ್ 2019ರಿಂದ ಮ್ಯಾಕ್‌ನಲ್ಲಿ ಡ್ರೈವರ್‌ಕಿಟ್ ಮೂಲಕ ಹೊರಗಿನವರ ಡ್ರೈವರ್‌ಗಳನ್ನು ಕರ್ನೆಲ್‌ನಿಂದ ಆಚೆ ತಳ್ಳತೊಡಗಿತು. ಇದಕ್ಕೆ ಬೆಲೆ ಇದೆ. ಪ್ರತಿ ಮಾತಿಗೂ ಗೋಡೆ ದಾಟಿ ಹೋಗಿ ಬರಬೇಕು, ವೇಗ ಕಡಿಮೆಯಾಗುತ್ತದೆ. ನೆಟ್‌ವರ್ಕ್ ಕಾರ್ಡ್‌ಗೆ, ಡಿಸ್ಕ್‌ಗೆ ಆ ವಾದ ಒಪ್ಪುತ್ತೇನೆ. ಆದರೆ ಹೊರಗಿನಿಂದ ಚುಚ್ಚುವ ವೆಬ್‌ಕ್ಯಾಮ್‌ಗೆ, ಅದೂ ಫೋನಿನಲ್ಲಿ, ವೇಗದ ನೆಪ ನನಗೆ ಒಪ್ಪಿಗೆಯಾಗಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಕರ್ನೆಲ್ ಡ್ರೈವರ್ ಒಂದು ಕೆಟ್ಟ ಫೈಲ್ ಓದಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು, ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಡುವಂತಾಯಿತು. ಅದು ಬಸ್ ಅಲ್ಲ, ಆದರೆ ರೋಗ ಅದೇ.

ಇನ್ನೊಂದು ದಾರಿ ರಸ್ಟ್ ಭಾಷೆ. ಮೆಮೊರಿಯ ಗಡಿ ದಾಟುವ ಇಂಥ ತಪ್ಪುಗಳನ್ನು ಬಹುತೇಕ ತಡೆಯುವಂತೆ ಆ ಭಾಷೆಯನ್ನೇ ಕಟ್ಟಲಾಗಿದೆ. 2022ರ ಕೊನೆಯಲ್ಲಿ ಅದು ಲಿನಕ್ಸ್ ಕರ್ನೆಲ್ ಒಳಗೆ ಬಂತು. 2025ರ ಆರಂಭದಲ್ಲಿ, ಡಿಎಂಎ ಭಾಗದ ರಸ್ಟ್ ಕೋಡ್ ವಿಚಾರಕ್ಕೆ ದೊಡ್ಡ ರಂಪವೇ ಆಯಿತು. ನಿರ್ವಾಹಕ ಕ್ರಿಸ್ಟೋಫ್ ಹೆಲ್ವಿಗ್ ಎರಡು ಭಾಷೆಯ ಕೋಡ್‌ಬೇಸನ್ನು ಕ್ಯಾನ್ಸರ್‌ಗೆ ಹೋಲಿಸಿದರು. ತಮ್ಮ ಕೋಡನ್ನು ರಸ್ಟ್‌ನಿಂದ ಯಾರು ಬಳಸಬೇಕು ಅನ್ನೋದಕ್ಕೆ ನಿರ್ವಾಹಕರಿಗೆ ವೀಟೊ ಇಲ್ಲ ಅಂತ ಟೊರ್ವಾಲ್ಡ್ಸ್ ಹೇಳಿದ ಮೇಲೆ ಹೆಲ್ವಿಗ್ ಆ ಹೊಣೆ ಬಿಟ್ಟರು. ಹೆಲ್ವಿಗ್ ಮಾತು ಒರಟು ನಿಜ, ಆದರೆ ಎರಡು ಭಾಷೆಯ ಭಾರ ಕೊನೆಗೆ ಹೊರೋದು ಯಾರು ಅನ್ನುವ ಅವರ ಪ್ರಶ್ನೆ ಸುಳ್ಳಲ್ಲ. ನಾನಂತೂ ರಸ್ಟ್ ಪಕ್ಷ. ಆದರೂ ಒಂದು ಮಾತು: ರಸ್ಟ್‌ನಲ್ಲಿ ಬರೆದಿದ್ದರೂ ಬೆಲ್‌ಗ್ರೇಡ್‌ನ ಆ ಫೋನ್ ಆ ಸೌಂಡ್ ಕಾರ್ಡ್ ಜೊತೆ ಮಾತಾಡೋಕೆ ಹೋಗುತ್ತಲೇ ಇತ್ತು.

ಯಾರ ಮೇಜಿನ ಫೈಲು?

ಬೇಡ ಅನ್ನುವ ಬಟನ್ ಇರಲಿಲ್ಲವೇ? ಇತ್ತು. 2007ರಲ್ಲೇ ಲಿನಕ್ಸ್ ಯುಎಸ್‌ಬಿಗೆ 'ಆಥರೈಸ್ಡ್' ಅನ್ನುವ ಸೌಲಭ್ಯ ಸೇರಿತು. ಅದರ ಡಿಫಾಲ್ಟ್ ಬದಲಿಸಿದರೆ ಹೊಸದಾಗಿ ಚುಚ್ಚಿದ ಯಾವ ಸಾಧನಕ್ಕೂ ಡ್ರೈವರ್ ಎದ್ದು ಬರೋದಿಲ್ಲ, ನೀವು ಅನುಮತಿ ಕೊಡುವವರೆಗೆ. ಆದರೆ ಅದು ಮುಖ್ಯವಾಗಿ ಆಗಿನ ವೈರ್‌ಲೆಸ್ ಯುಎಸ್‌ಬಿಗಾಗಿ ಬಂದದ್ದು. ತಂತಿಯಲ್ಲಿ ಬರುವವರಿಗೆ ಡಿಫಾಲ್ಟ್ 'ಹೂಂ, ಬಾ' ಅಂತಲೇ ಉಳಿಯಿತು.

ಇದಕ್ಕೆ ಹೊಣೆ ಯಾರು ಅಂತ ಹುಡುಕಿದರೆ ನಮ್ಮ ತಾಲೂಕು ಕಚೇರಿ ನೆನಪಾಗುತ್ತೆ. ಕರ್ನೆಲ್‌ನವರು ಹೇಳ್ತಾರೆ: ನಾವು ಸಾಮರ್ಥ್ಯ ಕೊಡ್ತೀವಿ, ನೀತಿ ಮೇಲಿನವರದು. ಆಂಡ್ರಾಯ್ಡ್‌ನವರು ಫೋನ್ ಕಂಪನಿ ಕಡೆ ನೋಡ್ತಾರೆ. ಫೋನ್ ಕಂಪನಿ, ಗ್ರಾಹಕರು ಪೆನ್‌ಡ್ರೈವ್ ಕೆಲಸ ಮಾಡ್ತಿಲ್ಲ ಅಂತ ದೂರು ಕೊಡ್ತಾರೆ ಅನ್ನುತ್ತೆ. ಎಕ್ಸ್‌ಟಿಜಿ ಡ್ರೈವರ್ ಫೋನಿನಲ್ಲಿ ಯಾಕೆ ಇರಬೇಕು ಅಂತ ಯಾರೂ ಕೇಳಿಕೊಂಡಿರಲಿಲ್ಲ, ಯಾಕಂದರೆ ಅದು ಯಾರ ಮೇಜಿನ ಫೈಲೂ ಅಲ್ಲ. ಯುಎಸ್‌ಬಿ ಆಡಿಯೊ ಡ್ರೈವರ್ ಬೇಕು ಅಂತ ಸೇರಿಸಿದಾಗ ಅದರ ಜೊತೆ ಎಲ್ಲ ಹಳೆಯ ಸಾಧನಗಳ ವಿಶೇಷ ದಾರಿಗಳೂ ಬಂದವು.

ಮಾಡಿದವರೂ ಇದ್ದಾರೆ. ಆಪಲ್ 2018ರಲ್ಲಿ, ಫೋನ್ ಲಾಕ್ ಆಗಿ ಒಂದು ಗಂಟೆಯಾದರೆ ಯುಎಸ್‌ಬಿ ಡೇಟಾ ಬಂದ್ ಆಗುವಂತೆ ಮಾಡಿತು. ಅದನ್ನೂ ಮುರಿಯುವ ದಾರಿ ಸಿಕ್ಕಿ, 2025ರ ಫೆಬ್ರವರಿಯಲ್ಲಿ ಐಒಎಸ್ 18.3.1ರಲ್ಲಿ ತೇಪೆ ಹಾಕಬೇಕಾಯಿತು. ಗ್ರಾಫೀನ್‌ಓಎಸ್‌ನಲ್ಲಿ ಲಾಕ್ ಇರುವಾಗ ಹೊಸದಾಗಿ ಚುಚ್ಚಿದರೆ ಚಾರ್ಜಿಂಗ್ ಮಾತ್ರ. ಗೂಗಲ್ ಕೂಡ ಆಂಡ್ರಾಯ್ಡ್ 16ರ ಅಡ್ವಾನ್ಸ್ಡ್ ಪ್ರೊಟೆಕ್ಷನ್‌ನಲ್ಲಿ ಯುಎಸ್‌ಬಿ ರಕ್ಷಣೆ ತರುವುದಾಗಿ ಘೋಷಿಸಿತು. ಆದರೆ ಅದನ್ನು ನೀವೇ ಹುಡುಕಿ ಆನ್ ಮಾಡಬೇಕು. ಡಿಫಾಲ್ಟ್ ಮತ್ತೆ ಅದೇ.

ಈಗ ನಮ್ಮೂರಿಗೆ. 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕೊಟ್ಟ ತೀರ್ಪು ಫೋನ್ ಶೋಧದ ಬಗ್ಗೆ ದೇಶದಲ್ಲೇ ಹೆಚ್ಚು ಉಲ್ಲೇಖವಾಗುವ ತೀರ್ಪುಗಳಲ್ಲಿ ಒಂದು. ಸ್ಯಾಂಡಲ್‌ವುಡ್ ಡ್ರಗ್ಸ್ ಪ್ರಕರಣದಿಂದ ಹುಟ್ಟಿದ್ದು ಅದು. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಅಂತ ಕೋರ್ಟ್ ಹೇಳಿತು. ಹಾಗೆಯೇ, ಆರೋಪಿ ಪಾಸ್‌ವರ್ಡ್ ಕೊಡದಿದ್ದರೆ, ತಯಾರಕರೂ ತೆರೆದುಕೊಡದಿದ್ದರೆ, ಫೋನನ್ನು ಹ್ಯಾಕ್ ಮಾಡಲು ತನಿಖಾಧಿಕಾರಿ ಕೋರ್ಟಿನ ಅನುಮತಿ ಕೇಳಬಹುದು ಅಂತಲೂ ಹೇಳಿತು. ಅನುಮತಿ ಅನ್ನುವ ಪದ ಅಲ್ಲಿರುವುದು ಒಳ್ಳೆಯದು. ಆದರೆ ಇಡೀ ಕ್ರಮ ಒಂದು ಊಹೆಯ ಮೇಲೆ ನಿಂತಿದೆ: ಮೊದಲು ಬಾಗಿಲು ತಟ್ಟುತ್ತಾರೆ, ಆಮೇಲೆ ಒಡೆಯುತ್ತಾರೆ. ಬಸ್ ದಾರಿಯಲ್ಲಿ ಪಾಸ್‌ವರ್ಡ್ ಕೇಳುವ ಹಂತವೇ ಬರೋದಿಲ್ಲ.

2023ರ ಅಕ್ಟೋಬರ್‌ನಲ್ಲಿ ನ್ಯೂಸ್‌ಕ್ಲಿಕ್ ಪತ್ರಕರ್ತರ ಫೋನು, ಲ್ಯಾಪ್‌ಟಾಪ್‌ಗಳನ್ನು ದೆಹಲಿ ಪೊಲೀಸರು ಒಯ್ದರು. ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಇದು ಗಂಭೀರ ವಿಷಯ, ಮಾರ್ಗಸೂಚಿ ಬೇಕು ಅಂತ ಕೇಂದ್ರಕ್ಕೆ ಹೇಳಿತು. ಪತ್ರಕರ್ತರು, ವಕೀಲರು ಅಂದಿನಿಂದ ಹೆಚ್ಚು ಒತ್ತು ಕೊಡ್ತಿರೋದು ಹ್ಯಾಶ್ ವ್ಯಾಲ್ಯೂಗೆ, ಅಂದರೆ ವಶಪಡಿಸಿಕೊಂಡ ದತ್ತಾಂಶದ ಬೆರಳಚ್ಚಿಗೆ. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರದಲ್ಲೂ ಹ್ಯಾಶ್ ನಮೂದಿಸಬೇಕು. ಬೇಡಿಕೆ ಸರಿ, ಸಾಲದು ಅನ್ನೋದು ನನ್ನ ವಾದ. ಹ್ಯಾಶ್ ಹೇಳೋದು ಪ್ರತಿ ತೆಗೆದ ಮೇಲೆ ಏನೂ ಬದಲಾಗಿಲ್ಲ ಅಂತ. ಲಾಕ್ ಆದ ಫೋನಿನ ಪ್ರತಿ ತೆಗೆಯಲು ಮೊದಲು ಅದರೊಳಗೆ ನುಗ್ಗಬೇಕು. ಕರ್ನೆಲ್ ಮಟ್ಟದಲ್ಲಿ ನುಗ್ಗಿದವರಿಗೆ ಓದಲು ಎಷ್ಟು ಅಧಿಕಾರವೋ ಬರೆಯಲೂ ಅಷ್ಟೇ. ಅಂದರೆ ಹ್ಯಾಶ್ ಶುರುವಾಗುವುದೇ ನುಗ್ಗಿದ ಮೇಲೆ.

ನುಗ್ಗಿದ ಹೊತ್ತಿನ ಸಾಕ್ಷಿ ಇರೋದು ಒಂದೇ ಕಡೆ: ಬಸ್ ಡ್ರೈವರ್ ಬರೆಯುವ 'ಹೊಸ ಯುಎಸ್‌ಬಿ ಸಾಧನ ಬಂದಿದೆ' ಎಂಬ ಒಣ ಸಾಲುಗಳಲ್ಲಿ. ಆಮ್ನೆಸ್ಟಿಯವರಿಗೆ ಎಳೆ ಸಿಕ್ಕಿದ್ದೂ ಅಂಥ ಸಾಲುಗಳಿಂದಲೇ. ಆದರೆ ಕರ್ನೆಲ್ ಲಾಗ್ ಇರೋದು ಒಂದು ಸುತ್ತುಪಟ್ಟಿಯಲ್ಲಿ. ಅದು ತುಂಬಿದರೆ ಹಳೆಯದು ಅಳಿಸಿಹೋಗುತ್ತದೆ. ಫೋನ್ ರೀಸ್ಟಾರ್ಟ್ ಆದರೂ ಸಾಮಾನ್ಯವಾಗಿ ಹೋದಂತೆಯೇ. ಯುಎಸ್‌ಬಿ ಸಾಲುಗಳನ್ನಷ್ಟೇ ಅಳಿಸಲಾಗದಂತೆ ಎತ್ತಿಡುವುದಕ್ಕೆ ಕೆಲವು ಕಿಲೋಬೈಟ್ ಸಾಕು. ಮಾರ್ಗಸೂಚಿಯ ಚರ್ಚೆಯಲ್ಲಿ ನಮ್ಮ ಕಡೆಯವರು ಇದನ್ನೂ ಕೇಳಬೇಕು: ವಶದಲ್ಲಿದ್ದಾಗ ಈ ಫೋನಿಗೆ ಏನೇನು ಚುಚ್ಚಿದಿರಿ, ಅದರ ಲಾಗ್ ಎಲ್ಲಿ?

ಕೊನೆಗೆ ತೇಪೆಗಳ ಕತೆ. ಆ ಮೂರೂ ದೋಷಗಳಿಗೆ ಪರಿಹಾರ 2025ರ ಫೆಬ್ರವರಿ, ಮಾರ್ಚ್, ಏಪ್ರಿಲ್‌ನ ಆಂಡ್ರಾಯ್ಡ್ ಅಪ್‌ಡೇಟ್‌ಗಳಲ್ಲಿ ಒಂದೊಂದಾಗಿ ಬಂತು. ಆದರೆ ಲಿನಕ್ಸ್ ತನ್ನ ಒಳಗಿನ ಡ್ರೈವರ್ ಇಂಟರ್‌ಫೇಸ್ ಸ್ಥಿರವಾಗಿರುತ್ತದೆ ಅಂತ ಯಾವತ್ತೂ ಮಾತು ಕೊಟ್ಟಿಲ್ಲ. ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆದ ದಾಖಲೆಯೊಂದು ಅದನ್ನು ಅಸಂಬದ್ಧ ಅಂತಲೇ ಕರೆಯುತ್ತದೆ, ಯುಎಸ್‌ಬಿ ಒಂದನ್ನೇ ಕನಿಷ್ಠ ಮೂರು ಸಲ ಹೊಸದಾಗಿ ಕಟ್ಟಿದ್ದನ್ನು ಉದಾಹರಣೆ ಕೊಡುತ್ತದೆ. ಒಳಗೆ ಸುಧಾರಣೆಗೆ ಅದು ಒಳ್ಳೆಯದು, ನಾನೂ ಒಪ್ಪುತ್ತೇನೆ. ಹೊರಗೆ ಆಗಿದ್ದೇನು ಅಂದರೆ, ಚಿಪ್ ಕಂಪನಿಗಳು ಹಳೆಯ ಕರ್ನೆಲ್‌ನ ಪ್ರತಿಯೊಂದಕ್ಕೆ ತಮ್ಮ ಡ್ರೈವರ್ ಅಂಟಿಸಿ, ಒಂದೆರಡು ವರ್ಷ ನೋಡಿಕೊಂಡು ಕೈಬಿಟ್ಟವು. ಇಂಜಿನಿಯರಿಂಗ್ ಮುಗಿಸಿ ಸ್ವಲ್ಪ ಕಾಲ ಬೆಂಗಳೂರಿನಲ್ಲಿ ಇಂಥದ್ದೇ ಅಂಟಿಸುವ ಕೆಲಸ ಮಾಡಿದವನು ನಾನು. ಗೂಗಲ್ ಆಂಡ್ರಾಯ್ಡ್ 12ರಿಂದ ಎಲ್ಲರಿಗೂ ಒಂದೇ ಕರ್ನೆಲ್ ತಿರುಳು ಅಂತ ಶುರು ಮಾಡಿದ್ದು ಈ ರೋಗಕ್ಕೇ. ಅದಕ್ಕೂ ಹಿಂದಿನ ಫೋನ್‌ಗಳಿಗೆ ಆ ಮದ್ದು ತಲುಪುವುದಿಲ್ಲ.

ಯುರೋಪಿನಲ್ಲಿ 2025ರ ಜೂನ್ 20ರಿಂದ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು ಅನ್ನುವ ನಿಯಮ ಬಂದಿದೆ. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಗೆ 2025ರ ಮೇನಲ್ಲಿ ಸಲ್ಲಿಕೆಯಾದ ರಿಪೇರಿ ಸೂಚ್ಯಂಕದ ವರದಿಯಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಒಂದು ಅಂಕದ ಬಾಬತ್ತು, ಸ್ಕ್ರೂ ಯಾವ ಥರದ್ದು ಅನ್ನೋದರ ಜೊತೆಗೆ.

ನಿಮ್ಮ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, 'ಸೆಕ್ಯುರಿಟಿ ಪ್ಯಾಚ್' ದಿನಾಂಕ ನೋಡಿ. 2025ರ ಏಪ್ರಿಲ್‌ಗಿಂತ ಹಿಂದಿನದಾದರೆ ಆ ಸೌಂಡ್ ಕಾರ್ಡ್‌ಗೆ ಅಲ್ಲಿ ಬಹುಶಃ ಇನ್ನೂ ಸೀಟಿದೆ. ಅಮ್ಮನ ಫೋನಿನಲ್ಲಿ ನಾನು ನಿನ್ನೆ ನೋಡಿದೆ: 2022ರ ಆಗಸ್ಟ್.